ಹೂವಿನ ಸಾಲಿನಲ್ಲಿ ಒಂದು ನಗು

"ಇದ್ರಲ್ಲಿ ಏನದೆ ಅಂತ ತಗುದ್ರಿ ಸಾ?"

ಹೀಗೆ ಕೇಳಿದವನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಟೀ ಹಂಚುವ ಹುಡುಗ. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ನನ್ನ ಫೋಟೋ. ಅದನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ತಿರುಗಿಸಿ ನೋಡಿದ. ಒಬ್ಬಳು ಮುದುಕಿ, ಒಂದಿಷ್ಟು ಹೂವು, ತಲೆಯ ಮೇಲೆ ಬೂದುಗುಂಬಳ ಹೊತ್ತ ಒಬ್ಬ ಹುಡುಗ. ಬಣ್ಣವೂ ಇಲ್ಲ. ಇಂಥದ್ದೊಂದನ್ನು ಲಕೋಟೆಯಲ್ಲಿಟ್ಟುಕೊಂಡು, ಹಿಂದಿನ ರಾತ್ರಿಯೇ ಬೆಂಗಳೂರಿನಿಂದ ಬಂದು, ಬೆಳಗಾಗುವ ಮೊದಲೇ ಮಾರುಕಟ್ಟೆಯ ಬಾಗಿಲಲ್ಲಿ ನಿಂತಿದ್ದ ನನ್ನಂಥವನನ್ನು ಕಂಡು ಅವನಿಗೆ ಹಾಗೆ ಕೇಳಬೇಕೆನಿಸಿದ್ದು ಸಹಜವೇ.

ನಾನೇನೋ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಇದು ನಡೆದದ್ದು 2019ರ ಸಂಕ್ರಾಂತಿಗೆ ಎರಡು ದಿನ ಮುಂಚೆ. ಅಂದಿನಿಂದ ಆ ಪ್ರಶ್ನೆ ನನ್ನ ಜೊತೆಗೇ ಇದೆ.

ಮೈಸೂರು ನೋಡಲು ಬಂದವರು ಅರಮನೆ, ಬೆಟ್ಟ, ಮೃಗಾಲಯ ಎಂದು ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಊರನ್ನೇ ನೋಡಬೇಕೆನ್ನುವವರು ಬೆಳಗಿನ ಆರೂವರೆಗೆ ಚಿಕ್ಕಗಡಿಯಾರದ ಮಗ್ಗುಲಿನಿಂದ ಈ ಮಾರುಕಟ್ಟೆಯೊಳಗೆ ಕಾಲಿಡಬೇಕು. ಒಂದು ಬದಿಗೆ ಸಯ್ಯಾಜಿರಾವ್ ರಸ್ತೆ. ವಿಜಯದಶಮಿಯ ದಿನ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ಸಾಗುವುದು ಇದೇ ದಾರಿಯಲ್ಲಿ. ಆ ಕೊನೆಗೆ ಧನ್ವಂತರಿ ರಸ್ತೆ. ನಡುವೆ ಉದ್ದಕ್ಕೆ ಕಾಲು ಚಾಚಿ ಮಲಗಿದಂತಿರುವ ಅರಸರ ಕಾಲದ ಕಟ್ಟಡ, ಅದರೊಳಗೆ ಎಂಟುನೂರಕ್ಕೂ ಹೆಚ್ಚು ಮಳಿಗೆಗಳು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ ಈ ಮೂರಕ್ಕೂ ಈಗ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆಯಂತೆ. ಮಾರುಕಟ್ಟೆಯ ಜನಕ್ಕೆ ಅದರ ಗೊಡವೆಯಿಲ್ಲ. ಎಲೆಯ ಕವಳಿಗೆಗೆ ನೀರು ಚಿಮುಕಿಸುತ್ತ ಅವರು ಬೇರೆಯದೇ ಲೋಕಾಭಿರಾಮದಲ್ಲಿರುತ್ತಾರೆ.

ಕ್ಯಾಮೆರಾ ಹಿಡಿದು ಒಳಗೆ ಹೋದವರಿಗೆ ಮೊದಲು ಕಾಣುವುದು ಕುಂಕುಮದ ರಾಶಿಗಳು. ಕೆಂಪು, ಹಳದಿ, ನೀಲಿ, ಗಿಣಿಹಸಿರು ಪುಡಿಗಳನ್ನು ತಟ್ಟೆಗಳಲ್ಲಿ ಗೋಪುರದ ಹಾಗೆ ಒಟ್ಟಿ ಸಾಲಾಗಿ ಇಟ್ಟಿರುತ್ತಾರೆ. ಇಲ್ಲಿಗೆ ಬಂದ ವಿದೇಶಿ ಪ್ರವಾಸಿಗರಲ್ಲಿ ಅದರ ಮುಂದೆ ಮಂಡಿಯೂರದೆ ಹೋದವರನ್ನು ನಾನು ಕಂಡಿಲ್ಲ. ನಾನೂ ಹತ್ತಾರು ಸಲ ತೆಗೆದಿದ್ದೇನೆ. ಎಷ್ಟು ತೆಗೆದರೂ ಎಲ್ಲ ಚಿತ್ರಗಳೂ ಒಂದೇ. ಸೋಮವಾರ ತೆಗೆದದ್ದಕ್ಕೂ ಶುಕ್ರವಾರ ತೆಗೆದದ್ದಕ್ಕೂ ವ್ಯತ್ಯಾಸವಿಲ್ಲ, ನಾನು ತೆಗೆದದ್ದಕ್ಕೂ ಜರ್ಮನಿಯಿಂದ ಬಂದವನು ತೆಗೆದದ್ದಕ್ಕೂ ವ್ಯತ್ಯಾಸವಿಲ್ಲ. ನೋಡಿದೊಡನೆ "ಆಹಾ" ಎನ್ನುತ್ತೇವೆ, ಆಮೇಲೆ ಪುಟ ಮಗುಚುತ್ತೇವೆ. ಗೋಡೆಯ ಕ್ಯಾಲೆಂಡರಿಗೆ ಅದು ಚೆನ್ನ. ಆದರೆ ಅದರಲ್ಲಿ ಬೀದಿ ಇಲ್ಲ. ಆ ಪುಡಿಗಳ ಹಿಂದೆ ಕಾಲು ಮಡಿಚಿ ಕುಳಿತ ಅಂಗಡಿಯವನು, ದಿನಕ್ಕೆ ನಲವತ್ತು ಸಲ ತನ್ನನ್ನು ಬಿಟ್ಟು ತನ್ನ ಕುಂಕುಮಕ್ಕೆ ಕ್ಯಾಮೆರಾ ಹಿಡಿಯುವವರನ್ನು ಯಾವ ಮುಖದಿಂದ ನೋಡುತ್ತಾನೆ ಎಂಬುದರಲ್ಲಿ ಬೀದಿ ಇದೆ.

ಇನ್ನು ಬೆಳಕಿನ ವಿಷಯ. ಹೂವಿನ ಸಾಲಿನ ಮೇಲೆ ಅಲ್ಲಲ್ಲಿ ಟಾರ್ಪಾಲು, ಗೋಣಿಪಟ್ಟೆ, ಹರಿದ ಪ್ಲಾಸ್ಟಿಕ್ಕು ಕಟ್ಟಿರುತ್ತಾರೆ. ಕೆಳಗೆಲ್ಲ ಕತ್ತಲು ಕತ್ತಲು. ಏಳು ಗಂಟೆ ದಾಟಿ ಸೂರ್ಯ ಸ್ವಲ್ಪ ಮೇಲೆ ಬಂದಾಗ ಆ ಹರಕುಗಳಿಂದ ಬಿಸಿಲ ಕೋಲು ಇಳಿಯುತ್ತದೆ. ಇಳಿದದ್ದು ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಈಗ ಸೇವಂತಿಗೆ ಗುಡ್ಡೆಯ ಮೇಲಿದ್ದದ್ದು ಕಾಲು ಗಂಟೆಯಲ್ಲಿ ತಕ್ಕಡಿಗೆ ಬಂದಿರುತ್ತದೆ, ಅಲ್ಲಿಂದ ಯಾರದೋ ಬೆನ್ನಿಗೆ. ಇದನ್ನು ತಿಳಿಯಲು ಪುಸ್ತಕ ಬೇಡ, ಒಂದೇ ಕಡೆ ನಾಲ್ಕು ದಿನ ನಿಂತರೆ ಸಾಕು. ಬೀದಿಯಲ್ಲಿ ಚಿತ್ರ ತೆಗೆಯುವವರಲ್ಲಿ ಎರಡು ಜಾತಿ. ಒಬ್ಬರು ಚಿತ್ರ ಹುಡುಕುತ್ತ ಊರೆಲ್ಲ ಅಲೆಯುತ್ತಾರೆ. ಇನ್ನೊಬ್ಬರು ಒಳ್ಳೆಯ ಜಾಗ ನೋಡಿ ನಿಂತು, ಕೊಕ್ಕರೆಯ ಹಾಗೆ ಕಾಯುತ್ತಾರೆ. ನಾನು ಎರಡನೆಯ ಜಾತಿಗೆ ಸೇರಿದವನು, ಮುಖ್ಯವಾಗಿ ಸೋಮಾರಿತನದಿಂದ.

1994ರ ಆಯುಧಪೂಜೆಯ ಹಿಂದಿನ ದಿನ ಹಾಗೆ ನಿಂತಿದ್ದೆ. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತು. ಸೆಕೆಂಡ್ ಹ್ಯಾಂಡಿನ ರಷ್ಯದ ಜೆನಿತ್ ಕ್ಯಾಮೆರಾ, ಅದರಲ್ಲಿ ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಕಪ್ಪುಬಿಳುಪು ರೋಲು. ರೋಲಿಗೆ ಮೂವತ್ತಾರು ಚಿತ್ರ, ತಿಂಗಳಿಗೆ ಒಂದೇ ರೋಲು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು. ಈಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಒಂದು ಸಲ ಗುಂಡಿ ಒತ್ತುವ ಮೊದಲು ಮದುವೆಗೆ ಹೆಣ್ಣು ನೋಡಲು ಹೋದವರಷ್ಟು ಯೋಚಿಸುತ್ತಿದ್ದೆವು. ಯೋಚಿಸಿ ಮುಗಿಯುವಷ್ಟರಲ್ಲಿ ಎದುರಿಗಿದ್ದದ್ದು ಹೋಗಿರುತ್ತಿತ್ತು.

ಅಂದು ಹೂವಿನ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಳೆಕಂದು, ಮಾವಿನ ಸೊಪ್ಪು, ಬೂದುಗುಂಬಳದ ರಾಶಿ. ಸೇವಂತಿಗೆ ಗುಡ್ಡೆಯ ಹಿಂದೆ ಒಬ್ಬ ಅಜ್ಜಿ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಳು. ಬಿಸಿಲ ಕೋಲು ಅವಳ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು. ಅದು ಅವಳ ಮುಖಕ್ಕೆ ಬರಲಿ ಎಂದು ಕಾಯುತ್ತಿದ್ದೆ. ಬಂತು. ಅದೇ ಹೊತ್ತಿಗೆ, ಖಾಕಿ ಚಡ್ಡಿಯ ಹುಡುಗನೊಬ್ಬ ತನ್ನ ತಲೆಗಿಂತ ದೊಡ್ಡ ಬೂದುಗುಂಬಳ ಹೊತ್ತು, ಹಗ್ಗಕ್ಕೆ ತಾಗದಂತೆ ಕುತ್ತಿಗೆ ತಗ್ಗಿಸಿ, ನನ್ನ ಮುಂದೆ ನುಗ್ಗಿದ. ಆ ಹುಡುಗನನ್ನು ಕಂಡೇ ನಾನು ಗುಂಡಿ ಒತ್ತಿದ್ದು. ಎರಡನೆಯದಕ್ಕೆ ರೀಲು ಸುತ್ತುವಷ್ಟರಲ್ಲಿ ಹುಡುಗನೂ ಇಲ್ಲ, ಬಿಸಿಲೂ ಇಲ್ಲ.

ರಾತ್ರಿ ಬಚ್ಚಲುಮನೆಯನ್ನೇ ಕತ್ತಲೆ ಕೋಣೆ ಮಾಡಿಕೊಂಡು ಪ್ರಿಂಟು ಹಾಕಿದಾಗ, ಡೆವಲಪರಿನ ತಟ್ಟೆಯಲ್ಲಿ ಮೊದಲು ಮೂಡಿದ್ದು ಹುಡುಗನಲ್ಲ, ಅಜ್ಜಿಯ ಕೈ. ನಾರು ಹಿಡಿದ ಕೈಯನ್ನು ಹಾಗೆಯೇ ಬಾಯಿಗೆ ಅಡ್ಡ ಇಟ್ಟುಕೊಂಡು ಅವಳು ನಗುತ್ತಿದ್ದಳು. ಬರಿಯ ನಗುವಲ್ಲ, ತಡೆಯಲಾಗದ ನಗು. ಕಣ್ಣು ಮುಚ್ಚಿಹೋಗಿದ್ದವು. ತೆಗೆಯುವಾಗ ಇದನ್ನು ನಾನು ನೋಡಿಯೇ ಇರಲಿಲ್ಲ. ಅವಳು ಕುಂಬಳಕಾಯಿ ಹುಡುಗನ ಕಡೆಗೂ ತಿರುಗಿಲ್ಲ, ನನ್ನ ಕಡೆಗೂ ಇಲ್ಲ. ಚಿತ್ರದ ಆಚೆ ಎಲ್ಲೋ ಏನೋ ಇದೆ, ಅದಕ್ಕೆ ನಗುತ್ತಿದ್ದಾಳೆ.

ಆ "ಏನೋ" ನನ್ನನ್ನು ಹಿಡಿದುಕೊಂಡಿತು. ವರ್ಷಗಟ್ಟಲೆ ಆ ಚಿತ್ರ ನನ್ನ ಮೇಜಿನ ಮೇಲಿತ್ತು, ಬೇಸರ ಬರಲಿಲ್ಲ. ಬೆಳಕು ಚೆನ್ನಾಗಿದೆ ಎಂದು ಹೊಗಳಿದವರುಂಟು. ಬೆಳಕು ಚೆನ್ನಾಗಿರುವ ಎಷ್ಟೋ ಚಿತ್ರಗಳು ನನ್ನ ಟ್ರಂಕಿನಲ್ಲಿ ಬೂಷ್ಟು ಹಿಡಿಯುತ್ತಿವೆ.

ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ನೀರು ನಿಂತ ಅಂಗಳ, ನೀರಿನಲ್ಲಿ ಬಿದ್ದ ಏಣಿ, ಅದರ ಮೇಲಿಂದ ಹಾರಿದ ಹ್ಯಾಟಿನ ಮನುಷ್ಯ. ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು, ತಾಗಿಲ್ಲ. ಹಿಂದಿನ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ನರ್ತಕಿಯೊಬ್ಬಳು ಅದೇ ಭಂಗಿಯಲ್ಲಿ ಹಾರುತ್ತಿದ್ದಾಳೆ. ಪಾಠ ಹೇಳುವವರು ಆ ಕ್ಷಣದ ಬಗ್ಗೆ, ಆ ಜೋಡಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ತಪ್ಪಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಅನ್ನಿಸುವುದು, ಈ ಮಹಾರಾಯ ಅಷ್ಟು ಅವಸರದಲ್ಲಿ ಎಲ್ಲಿಗೆ ಹೊರಟಿದ್ದ? ಆಚೆ ದಡ ದೂರವಿದೆ, ಬೂಟು ನೆನೆಯುವುದು ಖಂಡಿತ. ಅದು ಅವನಿಗೂ ಗೊತ್ತಿರಬೇಕು. ಆದರೂ ಹಾರಿದ್ದಾನೆ.

ಇನ್ನೊಂದು ಪ್ಯಾರಿಸ್ಸಿನದೇ. 1950ರಲ್ಲಿ ರಾಬೇರ್ ದುವಾನೋ ತೆಗೆದದ್ದು. ನಗರಸಭೆಯ ಕಟ್ಟಡದೆದುರು, ಓಡಾಡುವ ಜನರ ನಡುವೆ ಮುತ್ತಿಡುತ್ತ ನಿಂತ ಜೋಡಿ. ಅಮೆರಿಕದ 'ಲೈಫ್' ಪತ್ರಿಕೆಗಾಗಿ ತೆಗೆದ ಈ ಚಿತ್ರ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಪೋಸ್ಟರಾಗಿ ಲೋಕವನ್ನೆಲ್ಲ ಸುತ್ತಿತು. ನಮ್ಮ ಕಾಲೇಜು ಹಾಸ್ಟೆಲಿನ ಗೋಡೆಗೂ ಬಂದಿತ್ತು. ಆ ಜೋಡಿ ನಾವೇ ಎಂದು ಒಂದು ದಂಪತಿ ಕೋರ್ಟಿಗೆ ಹೋದಾಗ, 1993ರಲ್ಲಿ, ದುವಾನೋ ನಿಜ ಹೇಳಬೇಕಾಯಿತು: ಅವರು ನಟನೆ ಕಲಿಯುತ್ತಿದ್ದ ಇಬ್ಬರು ತರುಣರು, ತಾನೇ ಕೇಳಿಕೊಂಡು ಅಲ್ಲಿ ನಿಲ್ಲಿಸಿದ್ದು. ಸುದ್ದಿ ಓದಿದ ದಿನ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಒಂದು ಗೆರೆಯೂ ಬದಲಾಗಿರಲಿಲ್ಲ. ಚಿತ್ರ ಈಗಲೂ ಸೊಗಸೇ. ಆದರೆ ಕೇಳಲು ಇನ್ನೇನೂ ಉಳಿದಿರಲಿಲ್ಲ. ಅವರು ಯಾರು, ಯಾಕೆ ಅಷ್ಟು ಆತುರ, ಆಮೇಲೆ ಏನಾಯಿತು ಎಂಬ ನಮ್ಮ ಪ್ರಶ್ನೆಗಳಿಗೆಲ್ಲ "ಹೇಳಿದರು, ಮಾಡಿದರು" ಎಂಬ ಒಂದೇ ಉತ್ತರ ಬಂದುಬಿಟ್ಟಿತ್ತು. ಬೀದಿಯ ಮಕ್ಕಳನ್ನು ತೆಗೆದ ಅವನ ಬೇರೆ ಚಿತ್ರಗಳು ಇದಕ್ಕಿಂತ ಎಷ್ಟೋ ಮೇಲು, ಆದರೆ ಅವು ಇದರಷ್ಟು ಹೆಸರಾಗಲಿಲ್ಲ.

ನಾನು ಅಜ್ಜಿಯನ್ನು ಕೇಳಿ ತೆಗೆದಿರಲಿಲ್ಲ. ಕೇಳಿದ್ದರೆ ಸೆರಗು ಸರಿಮಾಡಿಕೊಂಡು, ನಗು ನುಂಗಿ, ಮತದಾರರ ಚೀಟಿಗೆ ಕೂತಂತೆ ಕೂರುತ್ತಿದ್ದಳು. ಕೇಳದೆ ತೆಗೆದರೆ ಕದ್ದ ಹಾಗೆ. ಈ ಇಕ್ಕಟ್ಟಿಗೆ ನನಗೆ ತಿಳಿದ ಅತ್ಯುತ್ತಮ ಪರಿಹಾರ ಕಂಡುಕೊಂಡವರು ಇದೇ ಮೈಸೂರಿನವರಾದ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ ಪತ್ರಿಕೆಗಳಿಗಾಗಿ ದೇಶವನ್ನೆಲ್ಲ ಸುತ್ತಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲೇ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿನ ಜನರನ್ನು ನೋಡಿ, ಯಾರೂ ಬೆಚ್ಚಿದವರಂತಿಲ್ಲ, ಯಾರೂ ಸೆಟೆದು ನಿಂತಿಲ್ಲ. ತೆಗೆಯುವವನು ಅಲ್ಲಿದ್ದಾನೆಂದು ಅವರಿಗೆ ಗೊತ್ತು, ಗೊತ್ತಿದ್ದೂ ತಮ್ಮ ಪಾಡಿಗೆ ತಾವಿದ್ದಾರೆ. ಅಷ್ಟು ಸಲಿಗೆ ಒಂದು ಬೆಳಗ್ಗೆಯಲ್ಲಿ ಬರುವಂಥದ್ದಲ್ಲ. ಜನರ ಮಧ್ಯೆ ಕೂತು ಹರಟಬೇಕು, ಟೀ ಕುಡಿಯಬೇಕು. ನಾನು ಕಂಬದ ಮರೆಯಲ್ಲಿ ನಿಂತ ಕೊಕ್ಕರೆ. ಅಜ್ಜಿಗೆ ಒಂದು ಪ್ರಿಂಟು ಕೊಡಬೇಕೆಂದುಕೊಂಡವನು ಕೊಡಲೂ ಇಲ್ಲ.

ಕೊಡುವ ಬದಲು ಸ್ಪರ್ಧೆಗೆ ಕಳಿಸಿದೆ. ಹವ್ಯಾಸಿಗಳ ಸಂಘವೊಂದು ನಡೆಸಿದ ಸ್ಪರ್ಧೆ. ಕಳಿಸುವ ಮೊದಲು ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಎರಡು ರಟ್ಟಿನ ತುಂಡುಗಳನ್ನು ಚಿತ್ರದ ಮೇಲೆ ಸರಿಸುತ್ತ, "ಬಲಗಡೆ ಗಲೀಜಾಗಿದೆ, ಕತ್ತರಿಸಿಬಿಡಿ" ಎಂದರು. ಗಲೀಜು ಅಂದರೆ, ಬಲದ ಅಂಚಿನಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಟಾರ್ಪಾಲಿನಡಿಯ ಮಂದ ಬೆಳಕಿನಲ್ಲಿ ಅಪರ್ಚರನ್ನು ಅಗಲ ಮಾಡಿಕೊಂಡಿದ್ದರಿಂದ, ಹತ್ತಿರವಿದ್ದ ಅವನ ಮೇಲೆ ಫೋಕಸ್ ಕೂತಿರಲಿಲ್ಲ. ತಲೆಗೆ ಸುತ್ತಿದ ಟವಲು, ಬೆನ್ನು, ಒಂದು ಕಿವಿ, ಮೇಲೆತ್ತಿದ ಒಂದು ಕೈ. ಅಷ್ಟೂ ಮಬ್ಬು. ಕತ್ತರಿಸಿದೆ. ಚಿತ್ರ ನೆಟ್ಟಗಾಯಿತು. ಎರಡನೆಯ ಬಹುಮಾನ ಬಂತು. ಒಂದು ಸ್ಟೀಲು ಜಗ್ಗು, ಈಗಲೂ ಮನೆಯಲ್ಲಿದೆ.

ಬ್ರೆಸ್ಸಾನ್ ತಾನು ತೆಗೆದದ್ದರಲ್ಲಿ ಒಂದು ಎಳೆಯನ್ನೂ ಕತ್ತರಿಸಲು ಬಿಡುತ್ತಿರಲಿಲ್ಲವಂತೆ. ಹಾಸ್ಯವೆಂದರೆ ಆ ಸೇಂಟ್ ಲಜಾರ್ ಚಿತ್ರವೇ ಅದಕ್ಕೊಂದು ಅಪವಾದ. ಬೇಲಿಯ ಹಲಗೆಗಳ ಸಂದಿಯಲ್ಲಿ ಲೆನ್ಸು ತೂರಿಸಿ ತೆಗೆದದ್ದರಿಂದ ಒಂದು ಬದಿಗೆ ಹಲಗೆ ಅಡ್ಡ ಬಂದಿತ್ತು, ಅದನ್ನು ತೆಗೆದುಹಾಕಲೇಬೇಕಾಯಿತು. ಅವನು ಕತ್ತರಿಸಿದ್ದು ಹಲಗೆಯನ್ನು, ನಾನು ಮನುಷ್ಯನನ್ನು.

ಇದೆಲ್ಲ ಮರೆತೇ ಹೋಗಿತ್ತು. 2012ರ ಆಗಸ್ಟಿನಲ್ಲಿ ಮಾರುಕಟ್ಟೆಯ ನೆರೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. ನಾನು ಹಳೆಯ ಪುಸ್ತಕ ಕೊಳ್ಳುತ್ತಿದ್ದ ಸಾಲು ಅದು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯದೇ ಧನ್ವಂತರಿ ರಸ್ತೆಯ ಕಡೆಯ ಭಾಗ ಕುಸಿಯಿತು. ಎರಡನ್ನೂ ಕೆಡವಿ ಕಟ್ಟಬೇಕು ಎನ್ನುವವರು, ದುರಸ್ತಿ ಮಾಡಿ ಉಳಿಸಬೇಕು ಎನ್ನುವವರು, ಸಮಿತಿಗಳು, ವರದಿಗಳು, ಕೋರ್ಟು. ಪತ್ರಿಕೆಯಲ್ಲಿ ಆ ಮಣ್ಣಿನ ರಾಶಿಯ ಚಿತ್ರ ಕಂಡು, ನನ್ನ ಹಳೆಯ ನೆಗೆಟಿವುಗಳನ್ನು ಟ್ರಂಕಿನಿಂದ ತೆಗೆದೆ. ಮಗಳು ಒಂದೊಂದಾಗಿ ಸ್ಕ್ಯಾನ್ ಮಾಡಿಕೊಟ್ಟಳು. ಕಂಪ್ಯೂಟರಿನ ಪರದೆಯ ಮೇಲೆ ಇಪ್ಪತ್ತೆರಡು ವರ್ಷಗಳ ನಂತರ ಆ ಚಿತ್ರವನ್ನು ಇಡಿಯಾಗಿ ನೋಡಿದೆ.

ಮಗಳು ಹೇಳಿದಳು, "ಅಪ್ಪಾ, ಈ ಅಜ್ಜಿ ನಗ್ತಾ ಇರೋದು ಇವರನ್ನ ನೋಡಿ ಅಲ್ವಾ?"

ಹೌದು. ಬೆನ್ನು ತೋರಿಸಿ ನಿಂತವನ ಕಡೆಗೇ ಅಜ್ಜಿಯ ಮುಖ. ಅವನ ಮೇಲೆತ್ತಿದ ಕೈ ಏನನ್ನೋ ಅಭಿನಯಿಸುವಂತಿದೆ. ನಾನು ವರ್ಷಗಟ್ಟಲೆ ಮೇಜಿನ ಮೇಲಿಟ್ಟುಕೊಂಡು ಯೋಚಿಸಿದ ಆ "ಏನೋ", ನಾನೇ ರಟ್ಟಿನ ತುಂಡಿನಿಂದ ಮುಚ್ಚಿ ಕತ್ತರಿಸಿ ಬಿಸಾಡಿದ್ದಾಗಿತ್ತು. ಯಾವುದು ಒಳ್ಳೆಯ ಚಿತ್ರ ಎಂದು ಈಗ ಕೇಳಿದರೆ ಹಿರಿಯರು ಹೇಳಿದ್ದೇ ಸರಿಯಿರಬಹುದು. ಕತ್ತರಿಸಿದ್ದು ನೋಡುವವರನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಇಡಿಯದ್ದು ಕಣ್ಣಿಗೆ ಅಡ್ಡ ಬರುತ್ತದೆ. ಆದರೆ ಅಲ್ಲಿ ನಡೆದದ್ದು ಇಡಿಯದ್ದು.

ಎರಡೂವರೆ ವರ್ಷ ಹಾಗೂ ಹೀಗೂ ಕಳೆದು, 2019ರ ಜನವರಿಯಲ್ಲಿ ಇಡಿಯ ಪ್ರಿಂಟನ್ನೇ ತೆಗೆದುಕೊಂಡು ಹೋದೆ. ಕಬ್ಬಿನ ಜಲ್ಲೆ, ಸೊಗಡವರೆಕಾಯಿ, ಎಳ್ಳುಬೆಲ್ಲದ ಪೊಟ್ಟಣ, ಎಲ್ಲ ಕಡೆ ಜನ. ಹೂವಿನವರು ನನ್ನ ಕ್ಯಾಮೆರಾ ಕಂಡು "ಯೂಟ್ಯೂಬಿಗಾ ಸಾ?" ಎಂದು ಕೇಳಿ, ಮುಖ ಆಚೆ ತಿರುಗಿಸಿದರು. ಅವರದೇನೂ ತಪ್ಪಿಲ್ಲ, ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇರುವಾಗ ಅವರು ಎಷ್ಟು ಜನಕ್ಕೆ ನಗಬೇಕು? ಲಕೋಟೆಯಿಂದ ಫೋಟೋ ತೆಗೆದ ಮೇಲೆ ಮಾತು ಬದಲಾಯಿತು. ಟೀ ಹುಡುಗನಿಂದ ಎಲೆಯವನಿಗೆ, ಎಲೆಯವನಿಂದ ಬಾಳೆಹಣ್ಣಿನವನಿಗೆ, ಕೈಯಿಂದ ಕೈಗೆ ಫೋಟೋ ಹೋಯಿತು. ನಾನು ಅದರ ಹಿಂದೆ ಹಿಂದೆ. ಕೊನೆಗೆ ಅದು ನಿಂತದ್ದು ಸೇವಂತಿಗೆ ಮಾರುತ್ತಿದ್ದ ಅಣ್ಣತಂಗಿಯರ ಮುಂದೆ. ಇಬ್ಬರಿಗೂ ಐವತ್ತರ ಆಸುಪಾಸು.

ಅಣ್ಣ ಒದ್ದೆ ಕೈಯನ್ನು ಲುಂಗಿಗೆ ಒರೆಸಿ ತೆಗೆದುಕೊಂಡ. "ನಮ್ಮ ದೊಡ್ಡವ್ವ ಕಣ್ ಸಾ ಇದು! ಸತ್ತು ಹದಿನೈದು ವರ್ಸ ಆಯ್ತು." ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಹೆಬ್ಬೆರಳನ್ನು ಬಲದ ಅಂಚಿಗೆ ತಂದು, "ಇದು ಅಪ್ಪ" ಎಂದ.

ಅಪ್ಪನ ಒಂದು ಫೋಟೋವೂ ಅವರ ಮನೆಯಲ್ಲಿಲ್ಲವಂತೆ. ಪಿತೃಪಕ್ಷಕ್ಕೆ ಎಡೆ ಇಡುವಾಗ ಗೋಡೆಯಲ್ಲಿ ಅಮ್ಮನ ಪಟ ಮಾತ್ರ. ಟವಲು ಸುತ್ತಿದ ರೀತಿ ನೋಡಿದರೆ ಸಾಕು, ಆ ತುದಿಯನ್ನು ಹಾಗೆ ಕಿವಿಯ ಹಿಂದೆ ಸಿಕ್ಕಿಸುತ್ತಿದ್ದವನು ಈ ಸಾಲಿನಲ್ಲೇ ಅವನೊಬ್ಬ ಎಂದು ಅಣ್ಣ ಹೇಳಿದ.

ತಂಗಿ ಫೋಟೋವನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. "ಅಪ್ಪ ಅಲ್ಲ ಬುಡು. ಅಪ್ಪಂಗೂ ದೊಡ್ಡವ್ವಂಗೂ ಈ ಜಾಗದ ವಿಷ್ಯಕ್ಕೆ ಮಾತೇ ಇರ್ನಿಲ್ವಲ್ಲ. ನಾವು ಸಣ್ಣವರಿದ್ದಾಗಿಂದ ಸಾಯೋಗಂಟ ಮಾತಾಡ್ನಿಲ್ಲ. ಅಪ್ಪ ಆಗಿದ್ರೆ ದೊಡ್ಡವ್ವ ಹಿಂಗೆ ನಗ್ತಿದ್ಲಾ?"

"ನಮ್ಮೆದುರಿಗೆ ಮಾತಾಡ್ನಿಲ್ಲ ಅನ್ನು."

"ಕಳ್ಳರ ಹಂಗೆ ಕದ್ದು ಮಾತಾಡೋಕೆ ಅವರೇನು ಸಣ್ಣ ಮಕ್ಳಾ?"

"ಕೈ ನೋಡು, ಆ ಕೈ. ಅಪ್ಪ ಯಾರ್ನಾದ್ರೂ ಅಣಕ ಮಾಡೋವಾಗ ಹಂಗೇ ಎತ್ತೋದು."

ತಂಗಿ ನೋಡಿದಳು. ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಮಬ್ಬು ಮಬ್ಬೇ. ಎಷ್ಟು ಹತ್ತಿರ ತಂದರೂ ಆ ಕಿವಿ ಯಾರ ಕಿವಿಯೂ ಆಗಬಹುದಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಅಲ್ಲೇ ಇದ್ರಲ್ಲ ಸಾ, ನೀವೇ ಹೇಳಿ. ಯಾಕೆ ನಗ್ತಿದ್ಲು?"

ನಾನು ಕುಂಬಳಕಾಯಿ ನೋಡುತ್ತಿದ್ದೆ ಎಂದೆ.

ಅವಳಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಅಷ್ಟರಲ್ಲಿ ಯಾರೋ ಬಂದು ಸೇವಂತಿಗೆ ಮಾರು ಎಷ್ಟು ಎಂದು ಕೇಳಿದರು. ಅಣ್ಣ ಅರವತ್ತು ಎಂದ, ಅವರು ನಲವತ್ತು ಎಂದರು. ತಂಗಿ ಫೋಟೋವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಡಿಸಿ, ದುಡ್ಡಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಒತ್ತಿದಳು. ಮೊಳ ಹಾಕುತ್ತ ಹಾಕುತ್ತಲೇ ಅಣ್ಣನಿಗೆ ಹೇಳಿದಳು, "ಅಪ್ಪ ಎಡಗೈಯವನು. ಇದು ಬಲಗೈ."

"ಎಡಗೈಯೆ ಅದು. ತೆಗಿ, ಇನ್ನೊಂದ್ಸಲ ನೋಡವ" ಎಂದ ಅಣ್ಣ.